ಅಜೀರ್ಣದ ಜನವ್ಯಾಪ್ತಿ: ಒಂದು ಲಕ್ಷಣವಿಚಾರ

ಒಂದು ನಾಡಿನ ಜನರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಅಜೀರ್ಣದ ಬಾಧೆಯುಂಟೆಂಬ ಪ್ರಶ್ನೆಯು ಮೇಲ್ನೋಟಕ್ಕೆ ವೈದ್ಯರಿಗೂ ಗಣಿತಜ್ಞರಿಗೂ ಸೇರಿದುದೆಂದು ತೋರುವುದು. ಶಬ್ದವಿಚಾರದಲ್ಲಿಯೂ ಗ್ರಂಥವಿಚಾರದಲ್ಲಿಯೂ ಆಸಕ್ತರಾದ ಈ ಪತ್ರಿಕೆಯ ವಾಚಕರಿಗೆ ಇದರಿಂದ ಆಗತಕ್ಕ ಪ್ರಯೋಜನವೇನೆಂಬ ಶಂಕೆಯೂ ಸಹಜವಾದುದೇ. ಆದರೆ ಈಚಿನ ಮೂವತ್ತು ನಲವತ್ತು ವರ್ಷಗಳಲ್ಲಿ ನಾನಾ ದೇಶಗಳ ವೈದ್ಯರು ಜನರನ್ನು ವಿಚಾರಿಸಿ, ಎಣಿಸಿ, ಪ್ರಕಟಿಸಿರುವ ಸಂಖ್ಯೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಅವುಗಳೊಳಗಿನ ಅಂತರಕ್ಕೆ ಜನರ ಜಠರಾಗ್ನಿಯ ತಾರತಮ್ಯವೊಂದೇ ಕಾರಣವಲ್ಲವೆಂದೂ, ಕೇಳಿದ ಪ್ರಶ್ನೆಯಲ್ಲಿದ್ದ ಶಬ್ದದ ಎಲ್ಲೆಯು ಅದಕ್ಕೆ ಕಡಮೆಯಿಲ್ಲದ ಕಾರಣವೆಂದೂ ಸ್ಪಷ್ಟವಾಗುವುದು. ಶಬ್ದದ ಎಲ್ಲೆಯನ್ನು ಗೊತ್ತುಮಾಡುವುದು ವೈಯಾಕರಣರ, ತಾರ್ಕಿಕರ, ನಿಘಂಟುಕಾರರ ಕೆಲಸ. ಆದಕಾರಣ ಈ ಪ್ರಶ್ನೆಯಲ್ಲಿ ನಮಗೂ ಪಾಲುಂಟು.

ಇಲ್ಲಿ ಅಜೀರ್ಣವೆಂಬ ಪದವನ್ನು ಸೌಕರ್ಯಕ್ಕಾಗಿ ವಿಶಾಲವಾದ ಅರ್ಥದಲ್ಲಿ ತೆಗೆದುಕೊಂಡಿದ್ದೇನೆ. ಅನ್ನನಾಳ, ಆಮಾಶಯ, ಸಣ್ಣಕರುಳಿನ ಮೊದಲ ಭಾಗ ಇವುಗಳಿಗೆ ಸಂಬಂಧಿಸಿದ ಬಾಧೆಗಳನ್ನು ಈಗಿನ ವೈದ್ಯರು ಎರಡು ಗುಂಪುಗಳಾಗಿ ವಿಂಗಡಿಸುವರು. ಊಟವಾದ ಮೇಲೆ ಬಹಳ ಹೊತ್ತು ಹೊಟ್ಟೆ ಭಾರವಾಗಿರುವುದು, ನಾಲ್ಕು ತುತ್ತು ತಿನ್ನುವಷ್ಟರಲ್ಲಿಯೇ ಇನ್ನು ಸಾಕೆನಿಸಿ ಊಟವನ್ನು ಪೂರೈಸಲಾರದಿರುವುದು, ಹೊಕ್ಕುಳಿಂದ ಮೇಲೆ ನೋವು ಅಥವಾ ಉರಿ ಇವು ಮೊದಲನೆಯ ಗುಂಪು. ಇದಕ್ಕೆ ಡಿಸ್ಪೆಪ್ಸಿಯವೆಂದು ಹೆಸರು. ಎದೆಯ ನಡುವೆ ಉರಿ, ಹುಳಿಯಾದ ಅಥವಾ ಕಹಿಯಾದ ನೀರು ಗಂಟಲಿಗೂ ಬಾಯಿಗೂ ಮರಳಿ ಬರುವುದು ಇವು ಎರಡನೆಯ ಗುಂಪು. ಇದನ್ನು ರಿಫ್ಲಕ್ಸ್ ಎನ್ನುವರು. ಓಕರಿಕೆ, ತೇಗು, ಹೊಟ್ಟೆಯುಬ್ಬರಗಳು ಎರಡರ ನಡುವೆಯೂ ಓಡಾಡುತ್ತಿರುವುವು. ಒಬ್ಬನಲ್ಲಿಯೇ ಎರಡು ಗುಂಪುಗಳೂ ಕೂಡಿರುವುದು ಅಪರೂಪವಲ್ಲ.

ಇನ್ನು ಸಂಖ್ಯೆಗಳು. ಇಂಗ್ಲೆಂಡ್ ಸ್ಕಾಟ್ಲೆಂಡ್‌ಗಳ ಏಳು ಸಾವಿರಕ್ಕೂ ಮಿಕ್ಕ ಜನರನ್ನು ವಿಚಾರಿಸಿ ೧೯೯೦ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಿಂದಿನ ಆರು ತಿಂಗಳೊಳಗೆ ಡಿಸ್ಪೆಪ್ಸಿಯವನ್ನು ಅನುಭವಿಸಿದವರು ನೂರಕ್ಕೆ ೪೧ ಮಂದಿ. ಅಮೆರಿಕದ ಮಿನ್ನೆಸೋಟ ಪ್ರಾಂತದ ಓಲ್ಮ್‌ಸ್ಟೆಡ್ ಜಿಲ್ಲೆಯಲ್ಲಿ ೧೯೯೨ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅದೇ ಹೆಸರಿನ ಬಾಧೆ ನೂರಕ್ಕೆ ೨೫.೫. ಮೊದಲನೆಯವರು ಎದೆಯುರಿಯನ್ನೂ ಆ ಹೆಸರಿನೊಳಗೆ ಸೇರಿಸಿಕೊಂಡಿದ್ದರು. ಎರಡನೆಯವರು ಮೇಲ್ಹೊಟ್ಟೆಯ ನೋವನ್ನು ಮುಖ್ಯವಾಗಿ ಹಿಡಿದರು. ಅದೇ ಓಲ್ಮ್‌ಸ್ಟೆಡ್ ಜಿಲ್ಲೆಯಲ್ಲಿ ೧೯೯೭ರಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕವು ಇನ್ನೂ ಬೋಧಪ್ರದವಾದುದು. ಎದೆಯುರಿಯೋ ಹುಳಿನೀರೋ ಒಂದು ವರ್ಷದೊಳಗೆ ಒಮ್ಮೆಯಾದರೂ ಆಗಿತ್ತೇ ಎಂದರೆ ಹೌದೆಂದವರು ನೂರಕ್ಕೆ ೫೮.೭, ವಾರಕ್ಕೊಮ್ಮೆಯಾದರೂ ಆಗುವುದೇ ಎಂದರೆ ಹೌದೆಂದವರು ೧೯.೮. ಊರು ಒಂದೇ, ಜನರು ಅವರೇ, ಬಾಧೆಯ ಹೆಸರುಗಳೂ ಅವೇ. ಕಾಲವನ್ನು ಸೂಚಿಸುವ ಒಂದು ವಿಶೇಷಣವು ಬದಲಾದ ಮಾತ್ರದಿಂದ ರೋಗಿಗಳ ಸಮುದಾಯವು ಮೂರರಲ್ಲೊಂದು ಪಾಲಿಗೆ ಇಳಿಯಿತು.

ಇಂಥ ಬಿಡಿ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸುವ ಪ್ರಯತ್ನವೂ ನಡೆದಿದೆ. ನೂರು ಜನಸಮುದಾಯಗಳ ಮೂರು ಲಕ್ಷಕ್ಕೂ ಮೀರಿದ ಜನರ ಲೆಕ್ಕಗಳನ್ನು ಸೇರಿಸಿ ೨೦೧೫ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಡಿಸ್ಪೆಪ್ಸಿಯದ ಸರಾಸರಿ ನೂರಕ್ಕೆ ೨೦.೮. ಆದರೆ ಅದೇ ಸಂಗ್ರಹದಲ್ಲಿ ಅತ್ಯಲ್ಪಸಂಖ್ಯೆ ೧.೮, ಅತ್ಯಧಿಕಸಂಖ್ಯೆ ೫೭. ವಿಶಾಲವಾದ ಲಕ್ಷಣವನ್ನು ಹಿಡಿದವರ ಲೆಕ್ಕಗಳನ್ನು ಮಾತ್ರ ತೆಗೆದರೆ ಸರಾಸರಿ ೨೯.೫. ರಿಫ್ಲಕ್ಸಿನ ವಿಷಯದಲ್ಲಿ ೨೦೧೮ರ ಸಂಗ್ರಹವು, ವಾರಕ್ಕೊಮ್ಮೆಯಾದರೂ ಬಾಧೆಯುಳ್ಳವರು ನೂರಕ್ಕೆ ೧೩.೩ ಎನ್ನುವುದು, ಇಲ್ಲಿಯೂ ಚೀನಾದೇಶದ ಒಂದು ಲೆಕ್ಕದಲ್ಲಿ ೨.೫, ಗ್ರೀಸಿನ ಒಂದು ಲೆಕ್ಕದಲ್ಲಿ ೫೧.೨. ಐದು ಮಂದಿಯಲ್ಲಿ ಒಬ್ಬನಿಗೆ ಮೇಲ್ಹೊಟ್ಟೆಯ ಬಾಧೆಯುಂಟೆಂದು ಸ್ಥೂಲವಾಗಿ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ೧.೮ರಿಂದ ೫೭ರವರೆಗೆ ಹರಡಿಕೊಂಡಿರುವ ಸಂಖ್ಯೆಗಳ ಸರಾಸರಿಯನ್ನು ತೆಗೆದು ಸುಮ್ಮನಾಗುವುದು, ಆನೆಯ ತೂಕವನ್ನೂ ಆಡಿನ ತೂಕವನ್ನೂ ಕೂಡಿಸಿ ಅರ್ಧಮಾಡಿ ಎಮ್ಮೆಯನ್ನು ಕಲ್ಪಿಸಿಕೊಂಡಂತಾಗುವುದು.

ಪಾಠಶಾಲೆಯಲ್ಲಿ ತರ್ಕದ ಮೊದಲ ಪುಸ್ತಕವನ್ನು ಓದುವ ಬಾಲಕನಿಗೂ ಲಕ್ಷಣಕ್ಕೆ ಮೂರು ದೋಷಗಳುಂಟೆಂಬುದು ಗೊತ್ತಿರುವುದು. ಕೊಂಬುಳ್ಳುದು ಗೋವೆಂದರೆ ಎಮ್ಮೆಯೂ ಒಳಗೆ ಬರುವುದು; ಇದು ಅತಿವ್ಯಾಪ್ತಿ. ಕಪಿಲವರ್ಣವುಳ್ಳುದು ಗೋವೆಂದರೆ ಬಿಳಿಯ ಹಸುವು ಹೊರಗೆ ಉಳಿಯುವುದು; ಇದು ಅವ್ಯಾಪ್ತಿ. ಒಂಟಿಗೊರಸುಳ್ಳುದು ಗೋವೆಂದರೆ ಯಾವ ಹಸುವೂ ಸಿಕ್ಕದು, ಇದು ಅಸಂಭವ. ಮೇಲಿನ ಸಂಖ್ಯೆಗಳನ್ನು ಈ ದೃಷ್ಟಿಯಿಂದ ನೋಡಿದರೆ ೫೭ ಎಂಬಲ್ಲಿ ಅತಿವ್ಯಾಪ್ತಿಯ ಛಾಯೆಯೂ ೧.೮ ಎಂಬಲ್ಲಿ ಅವ್ಯಾಪ್ತಿಯ ಛಾಯೆಯೂ ಇರಬಹುದೆಂಬ ಸಂಶಯವು ತಾನಾಗಿ ಹುಟ್ಟುವುದು. ಇಂಗ್ಲಿಷಿನಲ್ಲಿ ಪ್ರಿವೆಲೆನ್ಸ್ ಎನ್ನುವುದನ್ನು ನಾವು ಜನವ್ಯಾಪ್ತಿಯೆಂದು ಕರೆದರೆ, ಲಕ್ಷಣದ ವ್ಯಾಪ್ತಿಯು ಶುದ್ಧವಾಗದೆ ಜನರಲ್ಲಿನ ವ್ಯಾಪ್ತಿಯು ಶುದ್ಧವಾಗದೆಂಬ ಸಂಗತಿಯನ್ನು ಆ ಪದವೇ ನೆನಪಿಗೆ ತರುವುದು.

ನಮ್ಮ ಪ್ರಾಚೀನ ವೈದ್ಯರು ಈ ತೊಡಕನ್ನು ಕಾಣದೆ ಇರಲಿಲ್ಲ. ಮಾಧವನಿದಾನವೆಂದು ಪ್ರಸಿದ್ಧವಾದ ಮಾಧವಕರನ ಗ್ರಂಥದಲ್ಲಿ ಅಜೀರ್ಣದ ಪ್ರಭೇದಗಳನ್ನು ಎಣಿಸಿರುವ ಕ್ರಮವು ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಕಫದಿಂದ ಆಮ, ಪಿತ್ತದಿಂದ ವಿದಗ್ಧ, ವಾತದಿಂದ ವಿಷ್ಟಬ್ಧ ಎಂದು ಮೂರು. ಅನ್ನರಸವು ಪೂರ್ತಿಯಾಗಿ ಪಾಕಹೊಂದದೆ ಉಳಿದರೆ ರಸಶೇಷವೆಂಬ ನಾಲ್ಕನೆಯದು. ಇಷ್ಟಕ್ಕೆ ನಿಲ್ಲದೆ, ಕೆಲವರ ಮತವೆಂದು ಇನ್ನೆರಡನ್ನು ಸೇರಿಸಿದೆ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಜೀರ್ಣವಾಗತಕ್ಕ, ಯಾವ ದೋಷವನ್ನೂ ಉಂಟುಮಾಡದ ದಿನಪಾಕಿಯೆಂಬುದು ಐದನೆಯದು. ಪ್ರತಿದಿನವೂ ಪ್ರತಿಯೊಬ್ಬನಲ್ಲಿಯೂ ಸ್ವಭಾವತಃ ಇರತಕ್ಕ ಪ್ರಾಕೃತವೆಂಬುದು ಆರನೆಯದು. ಉಂಡ ಅನ್ನವು ಅರಗುವವರೆಗೆ ಅದು ಅಜೀರ್ಣವೇ ಅಲ್ಲವೇ? ಹಾಗಾದರೆ ಊಟ ಮಾಡಿದ ಪ್ರತಿಯೊಬ್ಬನಿಗೂ ಅಜೀರ್ಣವುಂಟೆಂದಾಯಿತು. ಜನವ್ಯಾಪ್ತಿಯು ನೂರಕ್ಕೆ ನೂರಾಯಿತು. ಈ ಆರನೆಯ ಪ್ರಭೇದವು ನಿಷ್ಪ್ರಯೋಜಕವಾದ ಸಂಖ್ಯಾಪೂರಣವೆಂದು ಕೆಲವರು ಭಾವಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ. ಶಬ್ದದ ಯೌಗಿಕಾರ್ಥವನ್ನು ಕೊನೆಯವರೆಗೆ ಎಳೆದರೆ ರೋಗಕ್ಕೂ ಆರೋಗ್ಯಕ್ಕೂ ನಡುವಣ ಗೆರೆಯು ಅಳಿಸಿಹೋಗುವುದೆಂಬುದನ್ನು ತೋರಿಸಿ, ಆ ಗೆರೆಯನ್ನು ದೋಷವೆಂಬ ವಿಶೇಷಣದಿಂದ ಮತ್ತೆ ಎಳೆಯುವುದೇ ಇಲ್ಲಿನ ಉದ್ದೇಶವಾಗಿರಬೇಕು.

ಈಗಿನ ವೈದ್ಯರು ಮಾಡಿರುವುದೂ ಇದನ್ನೇ. ೨೦೦೬ರಲ್ಲಿ ಮಾಂಟ್ರಿಯಲ್ ನಗರದ ಹೆಸರಿನಿಂದ ಪ್ರಸಿದ್ಧವಾದ ಲಕ್ಷಣವಾಕ್ಯದಲ್ಲಿ, ಆಮಾಶಯದ ರಸವು ಮೇಲಕ್ಕೆ ಬರುವುದು ಮಾತ್ರವೇ ರೋಗವಲ್ಲ, ಅದರಿಂದ ಮನುಷ್ಯನಿಗೆ ಪೀಡೆಯಾಗಬೇಕು ಅಥವಾ ಉಪದ್ರವಗಳು ಉಂಟಾಗಬೇಕು ಎಂದು ಗೊತ್ತುಮಾಡಿದರು. ಸ್ವಲ್ಪವಾದ ಬಾಧೆಯಾದರೆ ವಾರದಲ್ಲಿ ಎರಡು ದಿನವಾದರೂ ಇರಬೇಕು. ಹೆಚ್ಚಿನದಾದರೆ ವಾರಕ್ಕೆ ಒಂದು ದಿನಕ್ಕಿಂತ ಹೆಚ್ಚಾಗಿ ಬರಬೇಕು. ರೋಮ್ ನಗರದ ಹೆಸರಿನ ಲಕ್ಷಣಾವಳಿಯ ನಾಲ್ಕನೆಯ ಆವೃತ್ತಿಯು ೨೦೧೬ರಲ್ಲಿ ಹೊರಬಂದಿತು. ಅದರ ಪ್ರಕಾರ ಡಿಸ್ಪೆಪ್ಸಿಯವೆನ್ನಬೇಕಾದರೆ ಬಾಧೆಯು ಕಡೆಯ ಮೂರು ತಿಂಗಳಲ್ಲಿ ಇರಬೇಕು, ಮೊದಲಾಗಿ ಆರು ತಿಂಗಳಾದರೂ ಆಗಿರಬೇಕು, ಮತ್ತು ಅದು ನಿತ್ಯದ ವ್ಯವಹಾರಕ್ಕೆ ಅಡ್ಡಿಯಾಗುವಷ್ಟು ಇರಬೇಕು. ಊಟವಾದ ಮೇಲಿನ ಭಾರವಾದರೆ ವಾರಕ್ಕೆ ಮೂರು ದಿನ, ಮೇಲ್ಹೊಟ್ಟೆಯ ನೋವಾದರೆ ವಾರಕ್ಕೆ ಒಂದು ದಿನ ಎಂದು ಬೇರೆ ಬೇರೆ ಅವಧಿಗಳು. ಪರೀಕ್ಷೆಯಲ್ಲಿ ಬೇರೆ ಯಾವ ಕಾರಣವೂ ಕಾಣಬಾರದೆಂಬ ನಿಯಮವೂ ಉಂಟು. ಇಷ್ಟು ವಿಶೇಷಣಗಳನ್ನು ಹೊತ್ತ ಲಕ್ಷಣದಿಂದ ಎಣಿಸಿದರೆ ಸಂಖ್ಯೆಯು ಕೆಳಗಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಮೂವತ್ತಮೂರು ದೇಶಗಳಲ್ಲಿ ೭೩,೦೦೦ಕ್ಕೂ ಹೆಚ್ಚು ಜನರನ್ನು ಈ ಲಕ್ಷಣಾವಳಿಯಂತೆ ವಿಚಾರಿಸಿ ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಡಿಸ್ಪೆಪ್ಸಿಯವು ನೂರಕ್ಕೆ ೨೦ರ ಹತ್ತಿರವಿರದೆ ಒಂದಂಕಿಗೆ ಇಳಿಯಿತು.

ಆ ೨೦೨೧ರ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವುಂಟು. ಕೆಲವು ದೇಶಗಳಲ್ಲಿ ಜನರು ಇಂಟರ್‌ನೆಟ್ಟಿನ ಮೂಲಕ ತಾವೇ ಓದಿ ಉತ್ತರವನ್ನು ಗುರುತು ಮಾಡಿದರು. ಭಾರತವೂ ಸೇರಿದಂತೆ ಮತ್ತೆ ಕೆಲವು ದೇಶಗಳಲ್ಲಿ ವಿಚಾರಕರು ಮನೆಗಳಿಗೆ ಹೋಗಿ ಮುಖಾಮುಖಿಯಾಗಿ ಕೇಳಿದರು. ಅನ್ನನಾಳದಿಂದ ಗುದದವರೆಗಿನ ಇಂಥ ಬಾಧೆಗಳಲ್ಲಿ ಯಾವುದಾದರೊಂದು ಇದ್ದವರು ಮೊದಲನೆಯ ಪಕ್ಷದಲ್ಲಿ ನೂರಕ್ಕೆ ೪೦.೩, ಎರಡನೆಯ ಪಕ್ಷದಲ್ಲಿ ೨೦.೭. ದೇಶಭೇದವೂ ಇದಕ್ಕೆ ಕಾರಣವಾಗಿರಬಹುದು. ಆದರೂ, ಅಪರಿಚಿತನೊಬ್ಬನು ಜಗಲಿಯಲ್ಲಿ ಕುಳಿತು ತೇಗು, ಹೊಟ್ಟೆಯುಬ್ಬರ, ಮಲಪ್ರವೃತ್ತಿಗಳನ್ನು ಕುರಿತು ಕೇಳುತ್ತಿರುವಾಗ, ಒಳಗಿನಿಂದ ಅತ್ತೆಯೋ ಸೊಸೆಯೋ ಕಿವಿಗೊಟ್ಟಿರುವಾಗ, ಉತ್ತರವು ಎಷ್ಟು ಸಂಕೋಚದಿಂದ ಬರುವುದೆಂಬುದನ್ನು ನಮ್ಮ ಮನೆಗಳನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಶಬ್ದದ ಅರ್ಥವನ್ನು ನಿರ್ಣಯಿಸುವ ಸಾಧನಗಳಲ್ಲಿ ದೇಶ, ಕಾಲ, ಔಚಿತ್ಯ, ಸ್ವರಗಳನ್ನು ನಮ್ಮ ವೈಯಾಕರಣರು ಎಣಿಸಿರುವುದು ವ್ಯರ್ಥವಲ್ಲ.

ಭಾರತದೊಳಗಿನ ಲೆಕ್ಕಗಳೂ ಏಕರೂಪವಾಗಿಲ್ಲ. ಮುಂಬಯಿ ನಗರದಲ್ಲಿ ಎರಡೂವರೆ ಸಾವಿರ ಜನರನ್ನು ವಿಚಾರಿಸಿ ೨೦೦೧ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಡಿಸ್ಪೆಪ್ಸಿಯವುಳ್ಳವರು ನೂರಕ್ಕೆ ಸುಮಾರು ೩೦. ಅದು ಗಣನೀಯವಾದ ಪ್ರಮಾಣದಲ್ಲಿದ್ದವರು ಸುಮಾರು ೧೨ ಮಾತ್ರ. ದೇಶದ ಹಲವು ಕೇಂದ್ರಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕ ಜನರನ್ನು ಕೇಳಿ ೨೦೧೧ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ವಾರಕ್ಕೊಮ್ಮೆಯಾದರೂ ಎದೆಯುರಿಯೋ ಹುಳಿನೀರೋ ಇದ್ದವರು ನೂರಕ್ಕೆ ೭.೬. ಕೇರಳದ ತಿರುವನಂತಪುರದ ಒಂದು ಜನಸಮುದಾಯದಲ್ಲಿ ೨೦೧೬ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಅದೇ ರೋಗವು ನೂರಕ್ಕೆ ೨೨.೨.

ಇಲ್ಲಿ ಆಯುರ್ವೇದವನ್ನು ಓದಿದವರಿಗೆ ಒಂದು ಆಮಿಷವು ಎದುರಾಗುವುದು. ಅಮ್ಲಪಿತ್ತವೆಂಬ ರೋಗಕ್ಕೆ ಚರಕಸುಶ್ರುತರಲ್ಲಿ ಪ್ರತ್ಯೇಕವಾದ ಅಧ್ಯಾಯವಿಲ್ಲ. ಅದನ್ನು ಸ್ವತಂತ್ರವಾಗಿ ವಿವರಿಸಿರುವುದು ಕಾಶ್ಯಪಸಂಹಿತೆಯ ಖಿಲಸ್ಥಾನದಲ್ಲಿ. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯನ್ನಾಧರಿಸಿ ೧೯೩೮ರಲ್ಲಿ ಅಚ್ಚಾದ ಆ ಗ್ರಂಥವು, ಅಮ್ಲಪಿತ್ತವು ಅನೂಪದೇಶದಲ್ಲಿ, ಎಂದರೆ ನೀರೂ ತಂಪೂ ಹೆಚ್ಚಾದ ನಾಡಿನಲ್ಲಿ, ಅಧಿಕವಾಗಿ ಕಾಣುವುದೆಂದೂ, ಔಷಧದಿಂದ ಶಮನವಾಗದಿದ್ದರೆ ರೋಗಿಯು ಬೇರೆ ದೇಶಕ್ಕೆ ಹೋಗಬೇಕೆಂದೂ ಹೇಳುವುದು. ರೋಗದ ದೇಶವಿಭಾಗವನ್ನು ಕುರಿತು ಇಷ್ಟು ಸ್ಪಷ್ಟವಾದ ಉಕ್ತಿಯು ಪ್ರಾಚೀನಗ್ರಂಥದಲ್ಲಿರುವುದು ಮೆಚ್ಚತಕ್ಕ ಸಂಗತಿ. ತಿರುವನಂತಪುರವು ಅನೂಪವಲ್ಲವೇ, ಆದುದರಿಂದಲೇ ಅಲ್ಲಿ ಮೂರು ಪಾಲು ಹೆಚ್ಚೆಂದು ಸಾಧಿಸಿಬಿಡೋಣವೆಂದರೆ, ಅದು ಕಾಕತಾಲೀಯನ್ಯಾಯವಾಗುವುದು. ವಿಚಾರಿಸಿದ ಜನರ ವಯಸ್ಸು, ಆರಿಸಿದ ರೀತಿ, ಪ್ರಶ್ನೆಯ ಮಾತು, ಮಾತಿನ ಭಾಷೆ ಇವೆಲ್ಲವೂ ಎರಡು ಕಡೆಗಳಲ್ಲಿಯೂ ಸಮವಾಗಿದ್ದಾಗ ಮಾತ್ರ ದೇಶವನ್ನು ಹೇತುವೆನ್ನಬಹುದು. ಪ್ರಾಚೀನರ ಉಕ್ತಿಯನ್ನು ಗೌರವಿಸುವ ರೀತಿ ಅದನ್ನು ಪರೀಕ್ಷೆಗೆ ಯೋಗ್ಯವಾದ ಪ್ರತಿಜ್ಞೆಯೆಂದು ಎತ್ತಿಕೊಳ್ಳುವುದೇ ಹೊರತು, ಸಿಕ್ಕಿದ ಅಂಕಿಯೊಂದನ್ನು ಅದರ ಕೊರಳಿಗೆ ಕಟ್ಟುವುದಲ್ಲ.

ಬಾಧೆಯು ಕಂಡಮಾತ್ರಕ್ಕೆ ಒಳಗೆ ವಿಕಾರವುಂಟೆಂದು ಊಹಿಸಬಹುದೇ? ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಇದನ್ನು ಊಹಿಸುವುದು ಲೋಕರೂಢಿ. ಸ್ವೀಡನ್ನಿನ ಉತ್ತರಭಾಗದ ಕಾಲಿಕ್ಸ್, ಹಾಪರಂಡ ಎಂಬ ಎರಡು ಊರುಗಳ ಪ್ರಾಂತದಲ್ಲಿ ಸಾಮಾನ್ಯಜನರೊಳಗಿಂದಲೇ ಒಂದು ಸಾವಿರ ಮಂದಿಯನ್ನು ಆರಿಸಿ, ಬಾಧೆಯಿದ್ದರೂ ಇಲ್ಲದಿದ್ದರೂ ಎಲ್ಲರಿಗೂ ಗಂಟಲಿನಿಂದ ಕೊಳವೆಯನ್ನಿಳಿಸಿ ನೋಡಿದರು. ನೂರಕ್ಕೆ ೪೦ ಮಂದಿ ರಿಫ್ಲಕ್ಸಿನ ಬಾಧೆಯನ್ನು ಹೇಳಿಕೊಂಡಿದ್ದರು. ಅನ್ನನಾಳದಲ್ಲಿ ವ್ರಣಗಳು ಕಂಡುದು ನೂರಕ್ಕೆ ೧೫.೫ರಲ್ಲಿ ಮಾತ್ರ, ಆ ವ್ರಣವಿದ್ದವರಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕವರು ಯಾವ ಬಾಧೆಯನ್ನೂ ಅರಿಯರು. ಡಿಸ್ಪೆಪ್ಸಿಯವುಳ್ಳವರ ವಿಷಯದಲ್ಲಿಯೂ ೨೦೧೦ರ ಒಂದು ಸಂಗ್ರಹವು ಅನ್ನನಾಳದ ವ್ರಣ ನೂರಕ್ಕೆ ೧೩.೪, ಆಮಾಶಯ ಮತ್ತು ಸಣ್ಣಕರುಳಿನ ಮೊದಲ ಭಾಗದ ವ್ರಣ ೮, ಅರ್ಬುದವು ಅರ್ಧಕ್ಕಿಂತಲೂ ಕಡಮೆ ಎನ್ನುವುದು. ಬೆಂಕಿಯಿದ್ದರೂ ಹೊಗೆಯಿಲ್ಲದಿರುವುದಕ್ಕೆ ಕಾದ ಕಬ್ಬಿಣದ ಗುಂಡನ್ನು ತಾರ್ಕಿಕರು ದೃಷ್ಟಾಂತವಾಗಿ ಕೊಡುವರು. ಬಾಧೆಯಿಲ್ಲದ ವ್ರಣವು ಅಂಥದು. ಬೆಂಕಿಯಿಲ್ಲದೆ ಹೊಗೆಯಿರುವುದನ್ನು ಮಾತ್ರ ಅವರು ಒಪ್ಪುವುದಿಲ್ಲ. ಹೊಟ್ಟೆಯ ವಿಷಯದಲ್ಲಿ ಅದೂ ಉಂಟು. ಅಷ್ಟೇ ಅಲ್ಲ, ಅದೇ ಹೆಚ್ಚು. ಕಣ್ಣಿಗೆ ಕಾಣುವ ವಿಕಾರವಿಲ್ಲದಿದ್ದರೂ ಆಮಾಶಯದ ಚಲನೆ, ಅದರ ಸಡಿಲುವಿಕೆ, ನರಗಳ ಸೂಕ್ಷ್ಮತೆ ಇವುಗಳ ವ್ಯತ್ಯಾಸದಿಂದ ನಿಜವಾದ ನೋವು ಉಂಟಾಗುವುದೆಂದು ಈಗ ತಿಳಿದಿದೆ. ಆದುದರಿಂದ ಏನೂ ಇಲ್ಲವೆಂದು ವೈದ್ಯನು ಹೇಳಿದ ಮಾತ್ರಕ್ಕೆ ರೋಗಿಯ ಮಾತು ಸುಳ್ಳಾಗಲಿಲ್ಲ.

ಈಗ ಶಬ್ದಗಳಿಗೆ ಬರೋಣ. ಡಿಸ್ಪೆಪ್ಸಿಯವೆಂಬುದು ಗ್ರೀಕ್ ಪದ. ಕೆಟ್ಟ ಪಾಕವೆಂದು ಅದರ ಅವಯವಾರ್ಥ. ಅಮ್ಲಪಿತ್ತದ ಚಿಹ್ನೆಗಳಲ್ಲಿ ಮೊದಲು ಬರುವ ಅವಿಪಾಕವೆಂಬ ಸಂಸ್ಕೃತಪದವೂ ಅದೇ ಅಡಿಗೆಮನೆಯ ಚಿತ್ರವನ್ನು ಕಣ್ಣಮುಂದಿಡುವುದು. ಜೀರ್ಣವೆಂಬುದರ ಧಾತುವು ಬೇರೆ. ಸವೆಯುವುದು, ಹಳತಾಗುವುದು ಅದರ ಅರ್ಥ. ಜೀರ್ಣೋದ್ಧಾರದಲ್ಲಿರುವ ಜೀರ್ಣವೂ ಅದೇ. ಕನ್ನಡದ ಅರಗು ಎಂಬ ಧಾತುವು ಬೇಯಿಸುವುದನ್ನೂ ಸವೆಯುವುದನ್ನೂ ಹೇಳದೆ ಕರಗುವುದನ್ನು ಹೇಳುವುದು. ಒಂದೇ ಕ್ರಿಯೆಗೆ ಮೂರು ಚಿತ್ರಗಳು. ಇಷ್ಟರಿಂದಲೇ ಭಾಷಾಂತರಕಾರನಿಗೆ ತೊಂದರೆಯಾಗದು. ತೊಂದರೆಯು ಬರುವುದು ಬಾಧೆಗಳ ಹೆಸರುಗಳಲ್ಲಿ.

ಇಂಗ್ಲಿಷಿನ ಹಾರ್ಟ್‌ಬರ್ನ್ ಎಂಬ ಪದವನ್ನೇ ನೋಡಬಹುದು. ಹೃದಯಕ್ಕೂ ಆ ಉರಿಗೂ ಸಂಬಂಧವಿಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ನಡೆದ, ೨೦೦೨ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಆ ಪದದ ಅರ್ಥವನ್ನು ಸರಿಯಾಗಿ ತಿಳಿದಿದ್ದವರು ಬಿಳಿಯರಲ್ಲಿ ನೂರಕ್ಕೆ ಸುಮಾರು ೩೫, ಕರಿಯರಲ್ಲಿ ಸುಮಾರು ೫೪, ಪೂರ್ವ ಏಷ್ಯದವರಲ್ಲಿ ಸುಮಾರು ೧೩ ಮಂದಿ ಮಾತ್ರ. ತಮಗೆ ಅದು ಇಲ್ಲವೇ ಇಲ್ಲವೆಂದವರಲ್ಲಿಯೂ ಐವರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ವೈದ್ಯರು ಅದೇ ಹೆಸರಿನಿಂದ ಕರೆಯಬಹುದಾದ ಬಾಧೆಯಿತ್ತು. ತಮ್ಮ ಭಾಷೆಯ ನಾಡಿನಲ್ಲಿಯೇ ಪದಕ್ಕೆ ಈ ಗತಿಯಾದರೆ ಭಾಷಾಂತರದಲ್ಲಿ ಏನಾಗಬೇಕು? ಇದನ್ನು ಮನಗಂಡು, ೧೯೯೮ರಲ್ಲಿ ಪ್ರಕಟವಾದ ಒಂದು ಪ್ರಶ್ನಾವಳಿಯಲ್ಲಿ ಆ ಹೆಸರನ್ನೇ ಬಿಟ್ಟು, ಹೊಟ್ಟೆಯಿಂದಾಗಲಿ ಎದೆಯ ಕೆಳಭಾಗದಿಂದಾಗಲಿ ಕೊರಳಿನ ಕಡೆಗೆ ಏರುವ ಉರಿಯೆಂದು ಅನುಭವವನ್ನೇ ವರ್ಣಿಸಿ ಕೇಳಿದರು. ಹೆಸರನ್ನು ಅರಿಯದವನೂ ವರ್ಣನೆಯನ್ನು ಗುರುತಿಸಿಕೊಂಡನು. ಮಾಧವನಿದಾನದ ಅಮ್ಲಪಿತ್ತದ ಚಿಹ್ನೆಗಳಲ್ಲಿ ಹೃತ್ಕಂಠದಾಹವೆಂಬ ಒಂದು ಸಮಾಸವಿದೆ. ಉರಿಯ ಕೆಳಗಣ ಎಲ್ಲೆಯನ್ನೂ ಮೇಲಣ ಎಲ್ಲೆಯನ್ನೂ ಒಟ್ಟಿಗೆ ಹೇಳುವ ಆ ಸಮಾಸವು, ಸ್ಕ್ಯಾಂಡಿನೇವಿಯದ ವೈದ್ಯಪತ್ರಿಕೆಯಲ್ಲಿ ಅಚ್ಚಾದ ಈ ವಾಕ್ಯಕ್ಕೆ ಎಷ್ಟು ಸಮೀಪವಾಗಿದೆಯೆಂಬುದನ್ನು ವಾಚಕರು ಗಮನಿಸಬೇಕು. ಎರಡು ಶಾಸ್ತ್ರಗಳ ರೋಗಗಳು ಒಂದೇ ಎಂದು ನಾನು ಹೇಳುತ್ತಿಲ್ಲ. ಅನುಭವವನ್ನು ಹಿಡಿಯುವ ಮಾತಿನ ರೀತಿ ಒಂದೇ ಎನ್ನುತ್ತೇನೆ.

ಕನ್ನಡದಲ್ಲಿ ಎದೆಯುರಿಯೆಂಬ ಒಳ್ಳೆಯ ಮಾತಿದೆ. ತಮಿಳು ಮಲೆಯಾಳಗಳಲ್ಲಿಯೂ ಇದಕ್ಕೆ ಸಮನಾದ ಸೋದರಪದಗಳುಂಟು. ಆದರೆ ಎದೆ ಎಂಬುದು ನಮ್ಮಲ್ಲಿ ದೇಹದ ಭಾಗವೂ ಹೌದು, ಮನಸ್ಸೂ ಹೌದು, ಧೈರ್ಯವೂ ಹೌದು. ಮಗನನ್ನು ಕಳೆದುಕೊಂಡ ತಾಯಿಯೂ ಎದೆ ಉರಿಯುವುದೆನ್ನುವಳು. ಮೇಲ್ಹೊಟ್ಟೆಯ ಉರಿಯನ್ನು ಹೇಳಲು ಹೊರಟರೆ ಇನ್ನೂ ಫಜೀತಿ. ಹೊಟ್ಟೆಯುರಿಯೆಂಬ ಸಮಾಸವು ಯೋಗಾರ್ಥದಿಂದ ಜಠರದ ದಾಹವನ್ನು ಹೇಳಬೇಕು. ರೂಢಿಯಿಂದ ಮತ್ಸರವನ್ನು ಹೇಳುವುದು. ರೂಢಿಯು ಯೋಗಕ್ಕಿಂತ ಬಲವತ್ತರವೆಂಬ ನ್ಯಾಯದಂತೆ, ನಿಮಗೆ ವಾರದಲ್ಲಿ ಎಷ್ಟು ದಿನ ಹೊಟ್ಟೆಯುರಿ ಎಂದು ಕೇಳಿದ ವಿಚಾರಕನು ಆ ಮನೆಯಲ್ಲಿ ಎರಡನೆಯ ಪ್ರಶ್ನೆಯನ್ನು ಕೇಳುವ ಅವಕಾಶವನ್ನು ಕಳೆದುಕೊಂಡಾನು. ಸ್ವಲ್ಪ ತಿಂದೊಡನೆ ಹೊಟ್ಟೆ ತುಂಬುವುದೇ ಎಂಬ ಪ್ರಶ್ನೆಯಲ್ಲಿ ಅಪಾಯವು ಬೇರೆ ಬಗೆಯದು. ಹೊಟ್ಟೆ ತುಂಬಿತೆನ್ನುವುದು ನಮ್ಮಲ್ಲಿ ತೃಪ್ತಿಯ ಮಾತು, ಬಡಿಸಿದವರಿಗೆ ಹರಸುವ ಮಾತು. ಅದನ್ನು ಬಾಧೆಯೆಂದು ಯಾರೂ ಒಪ್ಪಿಕೊಳ್ಳರು. ಬಾಯಲ್ಲಿ ನೀರೂರುವುದೇ ಎಂದರೆ ರುಚಿಯ ನೆನಪೇ ಮುಂದೆ ಬರುವುದು. ಹೊಟ್ಟೆಯೆಂಬ ಪದವು ಪಕ್ಕೆಲುಬುಗಳಿಂದ ತೊಡೆಯ ಸಂದಿನವರೆಗೆ ಎಲ್ಲವನ್ನೂ ಒಳಗೊಳ್ಳುವುದರಿಂದ, ಮೇಲಣ ನೋವನ್ನೂ ಕೆಳಗಣ ನೋವನ್ನೂ ಬೇರ್ಪಡಿಸಲು ಕೈಯಿಂದ ತೋರಿಸಿಯೋ ಚಿತ್ರವನ್ನು ಬರೆದೋ ಕೇಳುವುದೇ ಕ್ಷೇಮ.

ಪಿತ್ತವೆಂಬ ಶಾಸ್ತ್ರಪದದ ಗತಿಯೂ ವಿಚಿತ್ರವಾದುದು. ಆಡುಮಾತಿನಲ್ಲಿ ಪಿತ್ತವಾಗಿದೆಯೆಂದರೆ ತಲೆಸುತ್ತು, ಓಕರಿಕೆ, ಬಾಯಿಕಹಿ ಇವುಗಳಲ್ಲಿ ಯಾವುದೂ ಆಗಬಹುದು. ಅದರ ಜಾಗವನ್ನು ಈಚೆಗೆ ಗ್ಯಾಸ್ಟ್ರಿಕ್ ಎಂಬ ಮಾತು ಆಕ್ರಮಿಸಿಕೊಂಡಿದೆ. ಜಠರಸಂಬಂಧಿಯೆಂಬ ಅರ್ಥದ ಈ ಇಂಗ್ಲಿಷ್ ವಿಶೇಷಣವು ಕನ್ನಡಿಗರ ಬಾಯಲ್ಲಿ ವಿಶೇಷ್ಯವಾಗಿ, ರೋಗದ ಹೆಸರಾಗಿ, ಗ್ಯಾಸ್ಟ್ರಿಕ್ ಆಗಿದೆಯೆಂದು ಬಳಕೆಯಾಗುತ್ತಿರುವುದು. ಹುಳಿತೇಗು, ಉಬ್ಬರ, ಹಸಿವಿಲ್ಲದಿರುವುದು, ಬೆನ್ನುನೋವು, ಎದೆಯ ಹಿಡಿತ ಎಲ್ಲವೂ ಅದರೊಳಗೆ ಸೇರಿಹೋಗಿವೆ. ಅತಿವ್ಯಾಪ್ತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು. ಶಬ್ದಶುದ್ಧಿಯನ್ನು ಬಯಸುವವರಿಗೆ ಇದು ಬೇಸರದ ಮಾತಷ್ಟೇ ಆಗಿದ್ದರೆ ಸುಮ್ಮನಿರಬಹುದಾಗಿತ್ತು. ಹೃದಯಾಘಾತದ ನೋವು ಎಷ್ಟೋ ವೇಳೆ ಮೇಲ್ಹೊಟ್ಟೆಯಲ್ಲಿಯೇ ಕಾಣಿಸಿಕೊಳ್ಳುವುದು. ಬೆವರು, ಓಕರಿಕೆ, ಎದೆಯ ಬಿಗಿತ, ತೋಳಿಗೂ ದವಡೆಗೂ ಹರಿಯುವ ನೋವು ಕೂಡಿರುವುವು. ಗ್ಯಾಸ್ಟ್ರಿಕ್ ಎಂದು ಹೆಸರಿಟ್ಟು, ಸೋಡಾವನ್ನೋ ಜೀರಿಗೆಯ ಕಷಾಯವನ್ನೋ ಕುಡಿದು ಮಲಗಿದ ಮನುಷ್ಯನಿಗೆ ಚಿಕಿತ್ಸೆಯ ಬೆಲೆಬಾಳುವ ಗಳಿಗೆಗಳು ಕಳೆದುಹೋಗುವುವು. ಹಾಗೆಯೇ ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ಮೈಯಿಳಿಯುವುದು, ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ ಇವುಗಳನ್ನೂ ಆ ಒಂದೇ ಹೆಸರಿನಡಿಯಲ್ಲಿ ಮುಚ್ಚಿಡುವುದುಂಟು. ಮೇಲೆ ಹೇಳಿದ ಬಾಧೆಗಳು ಬಹುಜನರಲ್ಲಿ ಇರುವುದರಿಂದಲೇ, ಮತ್ತು ಬ್ರಿಟನ್ನಿನ ಲೆಕ್ಕದಲ್ಲಿಯೂ ಬಾಧೆಯಿದ್ದವರಲ್ಲಿ ನಾಲ್ವರಲ್ಲೊಬ್ಬರು ಮಾತ್ರವೇ ವೈದ್ಯರ ಬಳಿಗೆ ಹೋದುದರಿಂದಲೇ, ಅಪಾಯದ ಕೆಲವನ್ನು ನಿರಪಾಯದ ಹಲವರಿಂದ ಬೇರ್ಪಡಿಸುವ ಮಾತುಗಳು ಜನರ ಬಾಯಲ್ಲಿ ಇರುವುದು ಆವಶ್ಯಕ.

ಆದಕಾರಣ ಕನ್ನಡದಲ್ಲಿ ಪ್ರಶ್ನಾವಳಿಯನ್ನು ರಚಿಸುವವರು ಹೆಸರನ್ನು ಬಿಟ್ಟು ವರ್ಣನೆಯನ್ನು ಹಿಡಿಯಬೇಕೆಂದು ನನ್ನ ಅಭಿಪ್ರಾಯ. ನಿಮಗೆ ಎದೆಯುರಿ ಉಂಟೇ ಎನ್ನುವುದಕ್ಕಿಂತ, ಹೊಟ್ಟೆಯಿಂದ ಗಂಟಲಿನ ಕಡೆಗೆ ಉರಿ ಏರಿಬರುವುದುಂಟೇ ಎನ್ನುವುದು ಮೇಲು. ಬೇಗ ಹೊಟ್ಟೆ ತುಂಬುವುದೇ ಎನ್ನುವುದಕ್ಕಿಂತ, ಮುಂಚೆ ಉಣ್ಣುತ್ತಿದ್ದಷ್ಟು ಉಣ್ಣಲಾಗದೆ ಎಲೆಯಲ್ಲಿ ಬಿಟ್ಟೇಳುವಿರಾ ಎನ್ನುವುದು ಮೇಲು. ಮೈಸೂರಿನ ಕಡೆಯ ಮಾತು ಧಾರವಾಡದವರಿಗೂ, ಮಂಗಳೂರಿನ ಮಾತು ಕಲಬುರಗಿಯವರಿಗೂ ಹೊಂದುವುದೆಂದು ಮೊದಲೇ ನಂಬಬಾರದು. ಒಂದೊಂದು ಸೀಮೆಯಲ್ಲಿಯೂ ಹತ್ತಾರು ಮಂದಿ ಗೃಹಿಣಿಯರಿಗೂ ರೈತರಿಗೂ ಓದಿಹೇಳಿ, ಕೇಳಿದುದನ್ನು ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವಂತೆ ಮಾಡಿ, ಅರ್ಥವು ಎಲ್ಲಿ ಜಾರಿತೆಂಬುದನ್ನು ಗುರುತಿಸಬೇಕು. ನಮ್ಮ ಶಾಲಾಕಾಲೇಜುಗಳ ಸಾಹಿತ್ಯೋಪಾಧ್ಯಾಯರು ರಜೆಯಲ್ಲಿ ಊರಿಗೆ ಹೋದಾಗ ಈ ಮಾತುಗಳನ್ನು ಸಂಗ್ರಹಿಸಿ ತಂದರೆ ಅದು ಗಾದೆಗಳ ಸಂಗ್ರಹಕ್ಕಿಂತ ಕಡಮೆಯ ಉಪಕಾರವಾಗದು.

ಕಾಲದ ವಿಷಯದಲ್ಲಿಯೂ ಒಂದು ಸೂಚನೆಯುಂಟು. ಆರು ತಿಂಗಳ ಹಿಂದೆ ಮೊದಲಾಯಿತೇ, ಮೂರು ತಿಂಗಳಿಂದ ಎಷ್ಟು ದಿನ ಎಂಬ ಪ್ರಶ್ನೆಗೆ ಹಳ್ಳಿಯಲ್ಲಿ ಸರಿಯಾದ ಉತ್ತರ ಬರುವುದು ಕಷ್ಟ. ಅಲ್ಲಿ ಕಾಲವನ್ನು ಹಿಡಿದಿಟ್ಟಿರುವುದು ಹಬ್ಬಗಳು. ಮಾರ್ಗಶಿರದ ಹುಣ್ಣಿಮೆಯ ಸುಮಾರಿಗೆ ವಿಚಾರಿಸುವವನು, ಕಾರಹುಣ್ಣಿಮೆಯ ಹೊತ್ತಿಗೇ ಈ ಬಾಧೆ ಇತ್ತೇ, ಗಣಪತಿ ಹಬ್ಬವಾದ ಮೇಲೆ ವಾರಕ್ಕೆ ಎಷ್ಟು ದಿನ ಬಂದಿತು ಎಂದು ಕೇಳಿದರೆ ಆರು ತಿಂಗಳೂ ಮೂರು ತಿಂಗಳೂ ಬಹುಮಟ್ಟಿಗೆ ಸರಿಹೋಗುವುವು. ಹೋಳಿಗೆ ಕಡುಬುಗಳಿಂದ ಆದ ಹಬ್ಬದ ದಿನದ ಅಜೀರ್ಣವನ್ನು ಲೆಕ್ಕಕ್ಕೆ ಸೇರಿಸಬಾರದೆಂದು ಬೇರೆ ಹೇಳಬೇಕಾಗುವುದು. ಕ್ರೈಸ್ತರಿಗೂ ಮುಸಲ್ಮಾನರಿಗೂ ಅವರವರ ಹಬ್ಬಗಳನ್ನೇ ಹಿಡಿಯಬೇಕು. ರಂಜಾನು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುವುದಾದ್ದರಿಂದ ಆಯಾ ವರ್ಷದ ದಿನವನ್ನು ನೋಡಿಯೇ ಪ್ರಶ್ನೆಯನ್ನು ಕಟ್ಟಬೇಕು. ನಮ್ಮ ಪಂಚಾಂಗದಲ್ಲಿಯೂ, ಜ್ಯೇಷ್ಠಕ್ಕೂ ಮಾರ್ಗಶಿರಕ್ಕೂ ನಡುವೆ ಅಧಿಕಮಾಸವು ಬಿದ್ದ ವರ್ಷದಲ್ಲಿ ಒಂದು ತಿಂಗಳು ಹೆಚ್ಚಾಗುವುದನ್ನು ವಿಚಾರಕನು ಮರೆಯಬಾರದು.